ಕೊನೆಯ ಪಂಕ್ತಿಯ ಸಾರು

ಅಪ್ಪಾ,

ನೀನು ಹೋಗಿ ವರ್ಷ ತುಂಬಿತು. ಅಳುತ್ತಾ ಬರೆಯುತ್ತಿಲ್ಲ, ಇಂಗಿನ ವಿಷಯಕ್ಕೆ ಬರೆಯುತ್ತಿದ್ದೇನೆ.

ಚಾಮರಾಜನಗರದ ಸುತ್ತ ಯಾರ ಮನೆಯ ಮದುವೆಯಾದರೂ ಕೊಪ್ಪರಿಗೆಯ ಮುಂದೆ ನೀನೇ. ಮೊದಲ ಪಂಕ್ತಿಯವರು ಸಾರು ಸುರಿದುಕೊಂಡು 'ಏನ್ ಕೈಯಪ್ಪಾ ನಿಂದು!' ಎನ್ನುತ್ತಿದ್ದರು. ಮೂರನೆಯ ಪಂಕ್ತಿ ಏಳುವ ಹೊತ್ತಿಗೆ ಇಂಗಿನ ಘಮವೆಲ್ಲ ಹಬೆಯ ಜೊತೆ ಹೊರಟುಹೋಗಿರುತ್ತಿತ್ತು. ಆಮೇಲೆ ಕೂರುತ್ತಿದ್ದವರು ಬಡಿಸಿ ಸುಸ್ತಾದ ಹೆಂಗಸರು, ಅವರಲ್ಲಿ ಅವ್ವ. 'ಇಂಗು ತೆಂಗು ಇದ್ರೆ ಮಂಗಾನೂ ಅಡ್ಗೆ ಮಾಡ್ತದಂತೆ. ನಿಮ್ಮಪ್ಪಂಗೆ ಎರಡೂ ಕೊಟ್ಟವ್ರೆ, ಸಾರು ಮಾತ್ರ ಬಿಸ್ನೀರು ಕಣಮ್ಮಿ' ಎಂದು ನಿನಗೆ ಕೇಳಿಸುವಂತೆಯೇ ನನಗೆ ಹೇಳುತ್ತಿದ್ದಳು. ನಿನಗೆಷ್ಟು ಉರಿಯುತ್ತಿತ್ತು!

'ಇಂಗಿಗೊಂದು ಅಂಗಿ ಒಲೀಬೇಕು ಕಣಮ್ಮಿ, ಕುದೀತಾ ಕುದೀತಾ ನಿಧಾನಕ್ಕೆ ಬಿಚ್ಕಬೇಕು' ಎಂದು ಅಕ್ಕಿ ಹಿಟ್ಟಿನೊಳಗೆ ಇಂಗಿಟ್ಟು ಗುಂಡು ಕಟ್ಟಿ ಒಣಗಿಸಿದೆಯಲ್ಲ, ಆ ಹರದನಹಳ್ಳಿ ಮದುವೆ ನೆನಪಿದೆಯಾ? ಗುಂಡು ಕರಗಲೇ ಇಲ್ಲ. ಬೀಗರ ಎಲೆಗೆ ಬಿತ್ತು, ಅವರು ಏನೋ ವಿಶೇಷ ಎಂದುಕೊಂಡು ಕಚ್ಚಿ... ನೀನು ಸೌದೆ ರಾಶಿಯ ಹಿಂದೆ ಅಡಗಿದ್ದನ್ನು ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ.

ನೀನು ಹೋದ ಮೇಲೆ, ಗುಂಡ್ಲುಪೇಟೆಯಲ್ಲಿ ನಿನಗೆ ಇಂಗು ಕೊಡುತ್ತಿದ್ದ ಸಾಬರ ಅಂಗಡಿಗೆ ಹೋದೆ. 'ನಿಮ್ಮಪ್ಪ ಬರೀ ಹಿಟ್ಟು ನಂಬ್ಕಬುಟ್ರು ಕಣಮ್ಮ. ಜಾಲಿ ಮರದ ಅಂಟಲ್ಲಿ ಕಲ್ಸಿ ನೋಡು' ಎಂದರು. ಕಲಸಿದೆ. ಸಾಸಿವೆ ಗಾತ್ರದವು ಒಂದಷ್ಟು, ಕಡಲೆ ಗಾತ್ರದವು ಒಂದಷ್ಟು ಉರುಟಿ ನೆರಳಲ್ಲಿ ಒಣಗಿಸಿದೆ. ಸಣ್ಣವು ಮೊದಲು ಕರಗುತ್ತವೆ, ದಪ್ಪನೆಯವು ತಡವಾಗಿ. ಇಷ್ಟು ಸುಲಭದ್ದು ನಿನಗೇಕೆ... ಇರಲಿ ಬಿಡು.

ಕಳೆದ ವಾರ ತೆರಕಣಾಂಬಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಸಾರು ನನ್ನದು. ಕೊನೆಯ ಪಂಕ್ತಿಗೆ ನಾನೇ ಬಡಿಸಿದೆ. ಅವ್ವನ ಎಲೆಯ ಮುಂದೆ ನಿಂತೇ ಇದ್ದೆ. ಅವಳು ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ಉಂಡಳು. ಇನ್ನೊಂದು ಉಂಡಳು.

'ಇದು ನಿಮ್ಮಪ್ಪನ ಸಾರಾ?'

'ಅಪ್ಪಂದೇ ಅಳತೆ ಕಣವ್ವಾ. ಇಂಗಿನ ಗುಂಡು ಮಾತ್ರ ನಂದು.'

ಮನೆಯಲ್ಲಿ ನೀನು ಒಲೆ ಮುಟ್ಟಿದವನಲ್ಲ. ಮದುವೆಗಳಲ್ಲಿ ಅವಳು ಮುಂಚೆ ಕೂತವಳಲ್ಲ. ನಮಗ್ಯಾರಿಗಾದರೂ ಇದು ಹೊಳೆದಿತ್ತಾ ಅಪ್ಪ?

ಅವಳು ಎಲೆಯಿಂದ ತಲೆ ಎತ್ತಲಿಲ್ಲ. 'ಇಷ್ಟ್ ವರ್ಸ ಸಂಸಾರ ಮಾಡಿ, ಅವ್ರ ಕೈರುಚಿ ಇವತ್ತು ಕಂಡೆ ಕಣಮ್ಮಿ' ಎಂದಳು. 'ಇನ್ನೊಂದು ಸೌಟು ಬುಡು.'