ಸುಮ್ಮನೆ ಹೊರಟ ಸೈಕಲ್

ಬಂಟ್ವಾಳ,
೧೭ ಡಿಸೆಂಬರ್ ೧೯೫೮

ಪ್ರೀತಿಯ ಅಳಿಯ ಭೋಜನಿಗೆ,

ಮುಂಡಪ್ಪ ಮಾವನ ಆಶೀರ್ವಾದಗಳು. ನಿನ್ನ ಆರೋಗ್ಯ ಹೇಗಿದೆ? ಅಲ್ಲಿ ಈಗ ಚಳಿ ಏರಿರಬೇಕು. ನಿನ್ನದು ಸಣ್ಣಂದಿನಿಂದಲೂ ಕೆಮ್ಮಿನ ಶರೀರ, ಎದೆಗೆ ಗಾಳಿ ತಾಗಿಸಿಕೊಳ್ಳಬೇಡ. ಇಲ್ಲಿ ನಾನು ಕ್ಷೇಮ. ಕ್ಷೇಮ ಎಂದು ಬರೆಯುವುದು ರೂಢಿ, ಆದ್ದರಿಂದ ಬರೆದೆ. ನಿಜವಾಗಿ ನನ್ನ ಎರಡು ತೊಡೆಯೂ ಹಿಡಿದುಕೊಂಡಿವೆ, ಜಗಲಿಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗಿದೆ, ಮತ್ತು ಅದಕ್ಕೆ ಪೂರ್ತಿ ನೀನೇ ಕಾರಣ.

ಕಳೆದ ಕಾಗದದಲ್ಲಿ ನೀನು ಪುಟಗಟ್ಟಲೆ ಬರೆದದ್ದು ಒಂದೇ ವಿಷಯ. ಕಾರ್ಖಾನೆಗೆ ರಜೆಯಿರುವ ದಿನ ಸೈಕಲ್ ಹತ್ತಿ ಇಂಗ್ಲೆಂಡಿನ ಹಳ್ಳಿಗಳನ್ನು ಸುತ್ತುವುದು. ಎರಡೂ ಕಡೆ ಬೇಲಿಗಿಡ, ನಡುವೆ ಒಂದು ಗಾಡಿ ಹೋಗುವಷ್ಟೇ ರಸ್ತೆ, ಹಳ್ಳ ದಾಟಲು ಕಲ್ಲಿನ ಸಂಕ, ಸಂಕದ ಕೆಳಗೆ ಬಾತುಕೋಳಿ, ಇಗರ್ಜಿಯ ಗೋಡೆಗೆ ಒರಗಿ ಕುಳಿತು ಬ್ರೆಡ್ಡು ತಿನ್ನುವುದು. ತಲುಪಬೇಕಾದ ಊರೇ ಇಲ್ಲ, ಇಡೀ ದಿನ ತಿರುಗಿದರೂ ಯಾರೊಬ್ಬರೂ ಏನೂ ಕೇಳುವುದಿಲ್ಲ, ಅಂಥ ನೆಮ್ಮದಿ ಎಂದು ಬರೆದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ವಕೀಲರ ಗುಮಾಸ್ತಿಕೆ ಬಿಟ್ಟ ಮೇಲೆ ನಿಮ್ಮ ಸಿಟ್ಟು ಹೆಚ್ಚಾಗಿದೆಯಂತೆ ಮಾವ, ನೀವೂ ಒಂದು ದಿನ ಸುಮ್ಮನೆ ಸೈಕಲ್ ಹತ್ತಿ ಹೊರಡಿ ಎಂದು ನನಗೆ ಉಪದೇಶ ಬೇರೆ. ನನಗೆ ಸಿಟ್ಟು ಹೆಚ್ಚೆಂದು ನಿನಗೆ ಬರೆದವರು ಯಾರು? ಹೆಸರು ಗೊತ್ತಾದರೆ ವಿಚಾರಿಸಿಕೊಳ್ಳುತ್ತೇನೆ. ಕಾಗದದ ಕಟ್ಟಕಡೆಗೆ, ತರಬೇತಿ ಮುಗಿದ ಮೇಲೂ ಇನ್ನೊಂದು ವರ್ಷ ಅಲ್ಲೇ ನಿಲ್ಲುವ ಯೋಚನೆ ಎಂದು ಒಂದು ಸಾಲು ತುರುಕಿದ್ದೀ. ಆ ಮಾತು ಆಮೇಲೆ.

ಮೊನ್ನೆ ಭಾನುವಾರ ಬೆಳಿಗ್ಗೆ ಹೊರಟೆ. ಹೆಗಲಿಗೆ ಬೈರಾಸು, ಬಾಳೆಲೆಯಲ್ಲಿ ಕಟ್ಟಿದ ಅವಲಕ್ಕಿ. ಬೆಳ್ತಂಗಡಿಯ ಕಡೆಗೆ ಹೋಗುವುದು, ಮನಸ್ಸಾದರೆ ಚಾರ್ಮಾಡಿಯ ಬುಡದವರೆಗೆ, ಇಲ್ಲವಾದರೆ ಇಲ್ಲ. ನಿನ್ನ ಹಾಗೆಯೇ, ಆತುರವಿಲ್ಲದೆ. ವಗ್ಗದ ಹತ್ತಿರ ಮಾರ್ಗದ ಬದಿಯ ಮನೆಯ ಪದ್ಮಯ್ಯ, ನಮ್ಮ ವಕೀಲರ ಹಳೆಯ ಕಕ್ಷಿದಾರ, ಅಂಗಳದಿಂದಲೇ ಕೈ ಅಡ್ಡ ಹಿಡಿದರು. "ಎಲ್ಲಿಗೆ ಗುಮಾಸ್ತರೆ?" ಎಲ್ಲಿಗೂ ಇಲ್ಲ, ಸುಮ್ಮನೆ ಎಂದೆ. "ಸುಮ್ಮನೆ ಯಾರಾದರೂ ಈ ಬಿಸಿಲಿಗೆ ಸೈಕಲ್ ತುಳೀತಾರಾ ಮಾರಾಯ್ರೆ? ಹೇಳಿ, ಯಾರಿಗೆ ಕಾಯಿಲೆ ಜೋರುಂಟು?" ಯಾರಿಗೂ ಇಲ್ಲವೆಂದು ನಂಬಿಸಲು ಅವರ ಚಾವಡಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯಬೇಕಾಯಿತು. ಮುಂದೆ ಪರಿಚಯದ ಮನೆ ಸಿಕ್ಕಿದಲ್ಲೆಲ್ಲ ಅದೇ ಪ್ರಶ್ನೆ, ಅದೇ ಬೆಲ್ಲ, ಅದೇ ನೀರು. ಪುಂಜಾಲಕಟ್ಟೆಯಲ್ಲಿ ಒಂದು ಮರದಡಿ ಕುಳಿತು, ನೀನು ಬರೆದ ಹಾಗೆ ದೂರದ ಗುಡ್ಡೆ ನೋಡೋಣವೆಂದುಕೊಂಡೆ. ಕುಳಿತಿದ್ದೇ ತಡ, ಎದುರಿನ ಅಂಗಡಿಯ ಹಾಜಬ್ಬ ಸೋಡಾ ಬಾಟ್ಲಿ ಹಿಡಿದು ಓಡಿ ಬಂದ. ಎದೆನೋವು ಬಂದು ಕುಳಿತೆನೆಂದು ಅವನ ಲೆಕ್ಕ. ಗುಡ್ಡೆ ನೋಡುತ್ತಿದ್ದೇನೆ ಎಂದರೆ, "ಗುಡ್ಡೆ ಎಲ್ಲಿಗೆ ಹೋಗ್ತದೆ? ನಿಮ್ಮ ಪ್ರಾಯಕ್ಕೆ ಹೀಗೆ ಒಬ್ಬರೇ ಕೂತ್ಕೊಳ್ಳುವುದಾ? ಮೊದಲು ಸೋಡಾ ಕುಡೀರಿ" ಎಂದು ಗದರಿದ. ಒಳ್ಳೆಯ ಮನುಷ್ಯ, ಬೈಯಲೂ ಆಗುವುದಿಲ್ಲ. ಆದರೆ ಭೋಜ, ಒಂದು ಗಳಿಗೆ ಸುಮ್ಮನೆ ಕೂರಲು ಬಿಡದ ಈ ಊರಿನಲ್ಲಿ ನೆಮ್ಮದಿ ಎಲ್ಲಿಂದ ತರಲಿ? ಗುರುವಾಯನಕೆರೆ ತಲುಪುವಾಗ ಹೊಟ್ಟೆಯೊಳಗಿನ ನೀರು ಕುಲುಕುವುದು ನನಗೇ ಕೇಳುತ್ತಿತ್ತು. ಕೆರೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಇಷ್ಟು ದೂರ ಬಂದೆನಲ್ಲ, ಅಳದಂಗಡಿಗೆ ಹೋಗಿ ನನ್ನ ತಂಗಿ, ನಿನ್ನ ಅಮ್ಮನ ಮನೆಯಲ್ಲಾದರೂ ಕಾಲು ಚಾಚುವ ಎಂದು ಸೈಕಲ್ ತಿರುಗಿಸಿದೆ. ಅಲ್ಲೇ ನಾನು ಕೆಟ್ಟದ್ದು.

ನೀನು ಮರೆತಿರಬಹುದು, ನಾನಂತೂ ಆ ಹೊತ್ತಿಗೆ ಮರೆತಿದ್ದೆ. ನಮ್ಮ ಕಡೆ ಹೇಳಿ ಕಳಿಸದೆ ಸೈಕಲ್ಲಿನಲ್ಲಿ ಒಬ್ಬನೇ ನೆಂಟರ ಮನೆಗೆ ಬರುವವನು ಸಾವಿನ ಸುದ್ದಿ ತಂದವನು. ಅವನು ಸತ್ತರು ಎನ್ನುವುದಿಲ್ಲ, ಏನಿಲ್ಲ, ಸ್ವಲ್ಪ ಜೋರುಂಟು ಎನ್ನುತ್ತಾನೆ. ಆ ಮನೆಯ ನೀರನ್ನು ಮಾತ್ರ ಮುಟ್ಟುವುದಿಲ್ಲ. ನಾನು ಅಂಗಳದಲ್ಲಿ ಇಳಿದಾಗ ಉಸಿರು ಬಿಡಲೂ ಆಗುತ್ತಿರಲಿಲ್ಲ, ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಾ ನಿಂತೆ. ನಿನ್ನ ತಂಗಿ ಕಾಂತಿ ಬೆಲ್ಲ ನೀರು ತಂದಳು. ಹೊಟ್ಟೆ ತುಂಬಿ ಕುತ್ತಿಗೆಗೆ ಬಂದಿತ್ತು, ಬೇಡ ಎಂದು ಕೈಯಾಡಿಸಿದೆ. ಒಳಗಿನಿಂದ ಬಂದ ನಿನ್ನ ಅಮ್ಮ ಹೊಸ್ತಿಲಲ್ಲೇ ನಿಂತಳು. ಸೈಕಲ್ ನೋಡಿದಳು, ಕಾಂತಿಯ ಕೈಯ ಚೆಂಬು ನೋಡಿದಳು. "ನೀರು ಯಾಕೆ ಬೇಡ ಅಣ್ಣಾ?" ಎಂದಳು. ಅವಳ ದನಿ ಕೇಳಿ ನನಗೆ ಗಾಬರಿಯಾಯಿತು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, "ಏನಿಲ್ಲ ಅಮ್ಮಣ್ಣಿ, ಭೋಜನಿಗೆ ಏನೂ ಆಗಿಲ್ಲ."

ಮತ್ತೇನು ಹೇಳುವುದು. ಅವಳು ಹೊಸ್ತಿಲಲ್ಲೇ ಕುಸಿದಳು. ಕಾಂತಿ ಚೆಂಬು ಬಿಟ್ಟು ಅವಳನ್ನು ತಬ್ಬಿಕೊಂಡಳು. ಬೊಬ್ಬೆ ಕೇಳಿ ಸುತ್ತಲಿನ ಮನೆಯವರೆಲ್ಲ ಬಂದರು. ಅವನು ಚೆನ್ನಾಗಿದ್ದಾನೆ, ಸೈಕಲ್ ಹತ್ತಿ ಊರು ಸುತ್ತುತ್ತಿದ್ದಾನೆ ಎಂದು ನಾನು ಹೇಳಿದಷ್ಟೂ ಅಳು ಏರಿತು, ಏಕೆಂದರೆ ಸುದ್ದಿ ತಂದವರು ಹೇಳುವುದೂ ಹಾಗೆಯೇ. ಯಾರೋ ಹಿರಿಯರು ನನ್ನ ಬೆನ್ನು ಸವರಿ, ಮೆಲ್ಲ ಹೇಳಿ ಗುಮಾಸ್ತರೆ, ಹೇಗೂ ಹೇಳಲೇಬೇಕಲ್ಲ ಎಂದರು. ನನಗೆ ತಲೆ ಕೆಟ್ಟುಹೋಯಿತು. ಕೊನೆಗೆ ಕಾಂತಿಗೆ ಗದರಿ ಇನ್ನೊಂದು ಚೆಂಬು ನೀರು ತರಿಸಿದೆ. ಎಲ್ಲರೂ ನೋಡುವ ಹಾಗೆ ಅಂಗಳದ ನಡುವೆ ನಿಂತು, ತಳದ ಹನಿಯವರೆಗೆ ಕುಡಿದೆ. ಕಣ್ಣಲ್ಲಿ ನೀರು ಬಂತು, ಇನ್ನೇನು ಕಾರಿಬಿಡುತ್ತೇನೆ ಎನ್ನಿಸಿತು, ಆದರೂ ಕುಡಿದೆ. ಆಗ ಅಳು ನಿಂತಿತು. ಆಮೇಲೆ ಕಿಸೆಯಲ್ಲಿದ್ದ ನಿನ್ನ ಕಾಗದವನ್ನು ತೆಗೆದು ಓದಿ ಹೇಳಿದೆ. ಸಂಜೆಯ ಬಸ್ಸಿನ ಮಾಡಿನ ಮೇಲೆ ಸೈಕಲ್ ಕಟ್ಟಿಸಿಕೊಂಡು ಊರಿಗೆ ಬಂದೆ. ಈಗ ಅದು ಕೊಟ್ಟಿಗೆಯಲ್ಲಿದೆ, ಅಲ್ಲೇ ತುಕ್ಕು ಹಿಡಿಯಲಿ. ಇನ್ನು ಮುಂದೆ ನನಗೆ ಆರೋಗ್ಯದ ಉಪದೇಶ ಬರೆಯಬೇಡ. ನಿನ್ನ ಬಾತುಕೋಳಿ, ನಿನ್ನ ಸಂಕ, ಎಲ್ಲ ನಿನಗೇ ಇರಲಿ.

ಹೊತ್ತಿಗೆ ಸರಿಯಾಗಿ ಉಣ್ಣು, ಮಂಜು ಬೀಳುವಾಗ ಸೈಕಲ್ ಹತ್ತಬೇಡ. ಮನೆದೇವರು ನಿನ್ನ ಬೆನ್ನಿಗಿರಲಿ.

ಇತಿ, ಸಿಟ್ಟಿನ ಮಾವ,
ಮುಂಡಪ್ಪ

ತಾ. ಕ.: ಅಂಚೆಯ ಚೀಲ ಕಟ್ಟುತ್ತಿದ್ದಾರೆ, ಅಂಚೆಕಚೇರಿಯ ಮೇಜಿನ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಇಡೀ ದಿನ ಯಾರೂ ಏನೂ ಕೇಳುವುದಿಲ್ಲ ಎಂದು ನೀನು ಬರೆದ ಜಾಗಕ್ಕೆ ಮೊನ್ನೆ ಓದುತ್ತಾ ಬಂದಾಗ ನಿನ್ನ ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅಷ್ಟು ದೂರ ತುಳಿದರೂ ನನ್ನ ಮಗನಿಗೆ ನೀರು ಬೇಕಾ ಅಂತ ಒಬ್ಬರೂ ಕೇಳುವುದಿಲ್ಲವಾ ಅಣ್ಣಾ?" ಎಂದಳು. ಇನ್ನೊಂದು ವರ್ಷದ ಆ ಸಾಲನ್ನು ನಾನು ಅವಳಿಗೆ ಓದಲಿಲ್ಲ, ಕಾಗದ ಮಡಚಿ ಕಿಸೆಗೆ ಹಾಕಿದೆ. ನಿಲ್ಲುವುದೇ ಆದರೆ ನೀನೇ ಅವಳ ಹೆಸರಿಗೆ ಬರೆ, ಕಾಂತಿ ಓದಿ ಹೇಳುತ್ತಾಳೆ. ನನ್ನ ಕೈಯಲ್ಲಿ ಹೇಳಿಸಬೇಡ. ಆ ಸುದ್ದಿ ಹೊತ್ತು ಅವಳ ಅಂಗಳಕ್ಕೆ ಹೋದರೆ, ಈ ಸಲ ನೀರು ಕುಡಿಯಲು ನನ್ನಿಂದ ಆಗುವುದಿಲ್ಲ.