ಎಡಬದಿಯ ಹಿಂದಿನ ಗಾಲಿ

೧೭ ಜನವರಿ ೨೦೨೫, ಶುಕ್ರವಾರ

ಪಾಲಿಟೆಕ್ನಿಕ್‌ನಿಂದ ಬಂದು ಮತ್ತೆ ಕಾರಿನ ಪರೀಕ್ಷೆ. ಹಿಂದಿನ ಸೀಟಿನಲ್ಲಿ ಭಾರಕ್ಕೆ ಎರಡು ಜೋಳದ ಚೀಲ, ಮುಂದೆ ಒಂದು. ಎಡಬದಿಯ ಹಿಂದಿನ ಟೈರಿಗೆ ಸೀಮೆಸುಣ್ಣ ಬಳಿದು ರೈಲ್ವೆ ಗೇಟಿನವರೆಗೆ ಹೋಗಿ ಬಂದೆ. ಮಡ್‌ಗಾರ್ಡ್‌ನ ಒಳ ಅಂಚಿನಲ್ಲಿ ಬಿಳಿ ಗೆರೆ. ಟೈರ್ ಉಜ್ಜುತ್ತಿರುವುದು ಅಲ್ಲಿಯೇ.

ನನಗೆ ಈ ಹಳೆಯ ಗಾಡಿ ಮಾರಿದ ಬೆಟಗೇರಿಯ ಹುಡುಗ ಅಂದಕ್ಕೆಂದು ಸ್ಪ್ರಿಂಗ್ ಕತ್ತರಿಸಿ ಅದರ ಎತ್ತರ ತಗ್ಗಿಸಿದ್ದಾನೆ. ಟೈರೂ ಹೆಚ್ಚು ಅಗಲದ್ದು. ಒಬ್ಬನೇ ಕುಳಿತರೆ ಸದ್ದಿಲ್ಲ. ಭಾರ ಬಿದ್ದರೆ ಮಾತ್ರ. ಕೊಳ್ಳುವ ಮುನ್ನ ಒಬ್ಬನೇ ಓಡಿಸಿ ನೋಡಿದ್ದೆ. ಮೆಕ್ಯಾನಿಕಲ್ ವಿಭಾಗದಲ್ಲಿ ಇಷ್ಟು ವರ್ಷ ಪಾಠ ಹೇಳಿದವನು...

ಮೆಕ್ಯಾನಿಕ್ ಅಯ್ಯೂಬ ಚೀಲಗಳನ್ನು ನೋಡಿ ನಕ್ಕ.

"ಸರ, ಚೀಲಕ್ಕೂ ಬೆಲ್ಟ್ ಹಾಕೀರಲ್ರಿ. ಬೀಗರನ್ನ ಕುಂಡ್ರಿಸಿದಂಗ."

"ಜಾರಬಾರದಲ್ಲ."

"ಚಲೋ ಬೀಗರ ಬಿಡ್ರಿ. ಚಹಾ ಕೇಳಂಗಿಲ್ಲ, ತಪ್ಪ ಹುಡಕಂಗಿಲ್ಲ."

೧೯ ಜನವರಿ, ರವಿವಾರ

ಕೊರ್ಲಹಳ್ಳಿಯಲ್ಲಿ, ಗಂಡನ ಮನೆಯಲ್ಲಿ, ಬಸಿರಿ ಮಗಳು ಕಾಂಚನಾಳ ಕುಬಸ. ನಾನೂ ಹೆಂಡತಿ ಸುನಿತಾಳೂ ಬಸ್ಸಿನಲ್ಲಿ ಹೋಗಿ ಬಂದೆವು. ಕಾಂಚನಾಳಿಗೆ ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ. ಮುಖ ತುಂಬಿಕೊಂಡಿದೆ. ಏಳು ತಿಂಗಳು. ಹೋದ ವರ್ಷದ ಬಸಿರು ನಿಲ್ಲಲಿಲ್ಲ. ಆದ್ದರಿಂದ ಈ ಸಲ ಕುಲುಕಾಟ ಬೇಡವೆಂದು ಡಾಕ್ಟರರ ಎಚ್ಚರಿಕೆ. ಅವಳನ್ನು ಚೊಚ್ಚಲ ಹೆರಿಗೆಗೆ ಗದಗಿನ ತವರಿಗೆ ಕರೆತರುವುದಕ್ಕೆಂದೇ ಗಾಡಿ ಕೊಂಡದ್ದು.

ಬೀಗತಿ ಗುರುಸಿದ್ದವ್ವನವರು ಕ್ಯಾಲೆಂಡರ್ ಇಳಿಸಿಕೊಂಡು ಕುಳಿತರು. "ಮಂಗಳವಾರ, ಶುಕ್ರವಾರ ಹೆಣ್ಮಗಳನ್ನ ಹೊರಗ ಕಳಸಂಗಿಲ್ರಿ. ಈ ಗುರುವಾರ ಬರ್ರಿ. ಇಲ್ಲಂದ್ರ ಅಮವಾಸಿ ದಾಟಿದ ಮ್ಯಾಲ, ರವಿವಾರ."

ಗುರುವಾರ ಎಂದು ಹೇಳಿ ಬಂದಿದ್ದೇನೆ.

೨೧ ಜನವರಿ, ಮಂಗಳವಾರ

ಅಯ್ಯೂಬ ಮಡ್‌ಗಾರ್ಡ್‌ನ ಅಂಚನ್ನು ಬಿಸಿ ಮಾಡಿ ಒಳಕ್ಕೆ ಮಡಚಿದ. ಒಂದೆಡೆ ಬಣ್ಣ ಸೀಳಿತು. ತುಕ್ಕು ಹಿಡಿಯದಂತೆ ಪ್ರೈಮರ್ ಹಚ್ಚಿಸಿದೆ. ಮೂರು ಚೀಲ ಮತ್ತು ನಾನು — ಸಮತಟ್ಟಾದ ರಸ್ತೆಯಲ್ಲಿ ಸದ್ದಿಲ್ಲ. ಹಳ್ಳದ ಸೇತುವೆಗೆ ಇಳಿಯುವಲ್ಲಿ ಒಮ್ಮೆ ಗರ್ ಎಂದಿತು. ಒಮ್ಮೆ ಮಾತ್ರ.

"ಇಷ್ಟ ಸಾಕ್ರಿ ಸರ. ನೋಡ್ಕೊಂಡ ಹೋಗಿ ಕರ್ಕೊಂಡ ಬರ್ರಿ."

ಸಾಲದು. ಕಂಪನಿಯ ಅಳತೆಯ ಸ್ಪ್ರಿಂಗ್, ಅದೇ ಅಳತೆಯ ಟೈರ್ ಹಾಕಿಸಬೇಕು. ಹುಬ್ಬಳ್ಳಿಯಿಂದ ಬರಬೇಕಂತೆ. ಶನಿವಾರವಾಗುತ್ತದೆ.

೨೨ ಜನವರಿ, ಬುಧವಾರ

ಕಾಂಚನಾಳಿಗೆ ಫೋನ್. ಅಮಾವಾಸ್ಯೆ ಕಳೆದ ಮೇಲೆ ಬರುವುದಾಗಿ ತಿಳಿಸಿದೆ.

"ಅಪ್ಪಾಜಿ, ನಾ ಏನ್ ಉಪ್ಪಿನಕಾಯಿ ಬರಣೀನ್ರಿ? ಬಸ್ಸಿನ್ಯಾಗ ಬರ್ತೇನಿ."

"ಬ್ಯಾಡ."

"ನಿಮ್ಮ ಅಳಿಯಾರಿಗೆ ಹೇಳಿ ಬಾಡಿಗಿ ಗಾಡಿ ಮಾಡಸ್ಲೇನು?"

ಬಾಡಿಗೆಯವರ ಮೇಲೆ ನನಗೆ ನಂಬಿಕೆಯಿಲ್ಲ. ಅದನ್ನೇ ಹೇಳಿದೆ. ಆತು ಎಂದಳು.

ಅಡುಗೆಮನೆಯಿಂದ ಸುನಿತಾ: "ಮೊದಲ ಗಾಡಿ ಬಾಣಂತನ ಮುಗೀಲಿ, ಆಮ್ಯಾಲ ಮಗಳದು ಅನ್ರಿ."

೨೮ ಜನವರಿ, ಮಂಗಳವಾರ

ಸ್ಪ್ರಿಂಗ್, ಟೈರ್ ಶನಿವಾರ ಬರಲಿಲ್ಲ, ನಿನ್ನೆ ಬಂದವು. ಇಂದು ಜೋಡಣೆ. ಪೂರ್ಣ ಭಾರದೊಂದಿಗೆ ಸೇತುವೆಯನ್ನು ಮತ್ತೆ ಮತ್ತೆ ಇಳಿದು ಹತ್ತಿದೆ. ಅಂಚಿನಲ್ಲಿ ಬಿಳಿ ಗೆರೆಯಿಲ್ಲ. ಟೈರಿಗೂ ಅಂಚಿಗೂ ನಡುವೆ ಮೂರು ಬೆರಳಿನಷ್ಟು ಜಾಗ. ಅಯ್ಯೂಬ "ಬೀಗರನ್ನು" ಒಬ್ಬೊಬ್ಬರಾಗಿ ಹೊತ್ತು ಮನೆಯೊಳಗಿಟ್ಟ. ಹಿಂದಿನ ಸೀಟಿಗೆ ಸುನಿತಾ ಹತ್ತಿಯ ಹೊಸ ಗಾದಿ ಹೊಲಿಸಿದ್ದಾಳೆ. ರವಿವಾರ ಬೆಳಿಗ್ಗೆ ಹೊರಡುವುದು.

ಬಹಳ ದಿನಗಳ ನಂತರ ಕೆಲಸವೊಂದು ಸರಿಯಾಗಿ ಮುಗಿದ ಸಮಾಧಾನ.

೩೧ ಜನವರಿ, ಶುಕ್ರವಾರ. ಮುಂಡರಗಿ, ಆಸ್ಪತ್ರೆ

ಕೂಸು ಉಳಿಯಲಿಲ್ಲ. ಹೆಣ್ಣು.

೨ ಫೆಬ್ರವರಿ, ರವಿವಾರ. ಮುಂಡರಗಿ

ಆದದ್ದನ್ನು ಕ್ರಮವಾಗಿ ಬರೆಯಬೇಕು.

ಗುರುವಾರ ಸಂಜೆಯಿಂದ ಕೂಸು ಮಿಸುಕಾಡಿರಲಿಲ್ಲ. ಮಲಗಿರಬೇಕು ಎಂದು ಬೀಗತಿ ಸಮಾಧಾನ ಹೇಳಿದರು. ಆ ಹೊತ್ತಿಗೆ ಊರಿನಿಂದ ಬಸ್ಸೂ ಇರಲಿಲ್ಲ. ಬೆಳಗಾದ ಮೇಲೆ ಅಳಿಯ ಕೊಟ್ರೇಶ ಕಾಂಚನಾಳನ್ನು ಇಲ್ಲಿಗೆ ಕರೆತಂದ. ಆಗಲೇ ಕೂಸಿನ ಎದೆಬಡಿತ ನಿಂತಿತ್ತು. ಆದರೂ ಹೆರಿಗೆಯ ನೋವನ್ನು ಅವಳು ಪೂರ್ತಿ ಅನುಭವಿಸಬೇಕಾಯಿತು.

ಗದಗಿನಲ್ಲಿ ನಮ್ಮ ಮನೆಯಿಂದ ಹೆರಿಗೆ ಆಸ್ಪತ್ರೆಗೆ ನಡೆದೇ ಹೋಗಬಹುದು.

ಡಾಕ್ಟರರನ್ನು ಹೊರಗೆ ಕರೆದು ಕೇಳಿದೆ. "ಗುರುವಾರ ಸಂಜೀಕನ ತೋರಿಸಿದ್ರ?"

"ಹೊಕ್ಕಳಬಳ್ಳಿ ಬಿಗದಿತ್ರಿ ಸರ. ಸಂಜೀಕ ಬಂದಿದ್ರ ಏನಾಗ್ತಿತ್ತಂತ ಯಾರಿಗೂ ಹೇಳಾಕ ಬರಂಗಿಲ್ಲ."

"ಅಂದಾಜು ಹೇಳ್ರಿ."

ಅವರು ನನ್ನ ಭುಜ ಮುಟ್ಟಿ ಒಳಗೆ ಹೋದರು.

ಕೂಸನ್ನು ಬೀಗರ ಹೊಲದಲ್ಲಿ ಮಣ್ಣು ಮಾಡಿದೆವು. ಟವೆಲ್ಲಿನಲ್ಲಿ ಸುತ್ತಿ ಕೊಟ್ರೇಶ ಎತ್ತಿಕೊಂಡಿದ್ದ. ಕುಣಿಗೆ ಇಳಿಯುವಾಗ ನನ್ನ ಕೈಗೆ ಕೊಟ್ಟ. ಭಾರವೇ ಇರಲಿಲ್ಲ.

ಸುನಿತಾ ನನ್ನನ್ನು ಒಂದು ಮಾತೂ ಅಂದಿಲ್ಲ. ಅನ್ನಲೆಂದು ಕಾಯುತ್ತಿದ್ದೇನೆ.

೪ ಫೆಬ್ರವರಿ, ಮಂಗಳವಾರ

ಕಾಂಚನಾಳನ್ನು ಗಾಡಿಯಲ್ಲಿ ಮನೆಗೆ ಕರೆತಂದೆ. ಯಾವ ವಾರವೆಂದು ಯಾರೂ ನೋಡಲಿಲ್ಲ. ಗುರುಸಿದ್ದವ್ವನವರು ಸೆರಗನ್ನು ಬಾಯಿಗೊತ್ತಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಹಿಂದೆ ತಾಯಿ, ಮಗಳು. ಮುಂದೆ ನನ್ನ ಪಕ್ಕ ಕೊಟ್ರೇಶ.

ಡಂಬಳ ದಾಟಿದೆವು. ಅಲ್ಲಿಂದಾಚೆ ರಸ್ತೆ ಕೆಟ್ಟಿದೆ. ಪ್ರತಿ ಗುಂಡಿಯ ಮುಂದೆಯೂ ನಿಧಾನಿಸಿ, ಎರಡನೇ ಗೇರಿನಲ್ಲಿ, ಒಂದೊಂದೇ ಗಾಲಿಯನ್ನು ಇಳಿಸಿ ಏರಿಸಿ ಬರುತ್ತಿದ್ದೆ. ಎಲ್ಲಿಯೂ ಸದ್ದಾಗಲಿಲ್ಲ.

"ಅಪ್ಪಾಜಿ."

ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ತಾಯಿಯ ತೊಡೆಯ ಮೇಲೆ ತಲೆಯಿಟ್ಟಿದ್ದಳು.

"ಈಗ್ಯಾಕ ಇಷ್ಟ ಹಗೂರ ಹೊಂಟೀರಿ? ಜೋರ ಹೊಡೀರಿ."

ಸುನಿತಾ ಅವಳ ಬಾಯಿಯ ಮೇಲೆ ಕೈಯಿಟ್ಟಳು. ಕೊಟ್ರೇಶ ಕಿಟಕಿಯ ಕಡೆ ಮುಖ ತಿರುಗಿಸಿದ.

ಗೇರ್ ಬದಲಿಸಿದೆ. ಮೂರು, ನಾಲ್ಕು. ಮುಂದೆ ದೊಡ್ಡ ಗುಂಡಿ ಕಾಣುತ್ತಿತ್ತು. ಕಾಲು ಬ್ರೇಕಿನ ಮೇಲಿತ್ತು, ಆದರೂ ನಾನು ಒತ್ತಲಿಲ್ಲ. ಗಾಡಿ ಗುಂಡಿಗೆ ಬಿದ್ದು ಎದ್ದಿತು; ಎಡಬದಿಯ ಹಿಂದಿನ ಗಾಲಿ ಆಗಲೂ ಸದ್ದು ಮಾಡಲಿಲ್ಲ.