ನನ್ನ ಹೆಸರಿನ ಗ್ಯಾಲರಿ

ಅಗ್ನಿಶಾಮಕ ಠಾಣೆಯ ಕ್ವಾರ್ಟರ್ಸ್‌ನಿಂದ,
ಹನ್ನೊಂದನೇ ತಾರೀಕು, ಸೋಮವಾರ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಬೀರುವಿನಲ್ಲಿ ಮಡಿಸಿಟ್ಟು ನನಗೆ ಸುಳ್ಳು ಬರೆಯುತ್ತಿದ್ದೀಯೋ? ಭಾವನನ್ನೂ ಮಕ್ಕಳನ್ನೂ ಕೇಳಿದೆ ಅಂತ ಹೇಳು. ನಾನು ಚೆನ್ನಾಗಿದ್ದೇನೆ. ಮೈ ಉರಿಯುತ್ತಿದೆ, ಆದರೆ ಜ್ವರವಲ್ಲ, ಸಿಟ್ಟು.

ನಿನ್ನ ಕಾಗದ ಬಂತು. 'ಓದಿಸಿದ ಕಾಲೇಜಿನ ಮಾನ ಬೀದಿಗೆ ತಂದೆಯಲ್ಲೇ' ಅಂತ ಬರೆದಿದ್ದೀಯ. ಪೇಪರಿನವರು ಬರೆದದ್ದನ್ನು ನಂಬಿದೆ, ತಂಗಿಯನ್ನು ಒಂದು ಮಾತು ಕೇಳಲಿಲ್ಲ! ಈಗಲಾದರೂ ಕೇಳು.

ಕಾಲೇಜು ಮೈದಾನದ ಹೊಸ ಗ್ಯಾಲರಿಗೆ ನನ್ನ ಹೆಸರಿಡುತ್ತೇವೆಂದು ಪ್ರಿನ್ಸಿಪಾಲರೂ ಕೋಚ್ ಸರ್ರೂ ಆಫೀಸಿಗೆ ಬಂದ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಇಪ್ಪತ್ತೆರಡು ವರ್ಷವಾದರೂ ಹರ್ಡಲ್ಸ್‌ನಲ್ಲಿ ನನ್ನ ದಾಖಲೆಯನ್ನು ಅಲ್ಲಿ ಯಾರೂ ಮುರಿದಿಲ್ಲವಂತೆ. ಆ ಓಟದ ಸರ್ಟಿಫಿಕೇಟಿನಿಂದಲೇ ಅಲ್ಲವೇ ನನಗೆ ಈ ಇಲಾಖೆಯ ಬಾಗಿಲು ತೆರೆದದ್ದು? ಆಮೇಲೆ ನೀರಿನ ಪೈಪು ಹೊತ್ತೆ, ಪರೀಕ್ಷೆ ಕಟ್ಟಿದೆ, 'ಓಟದ ಕೋಟಾದವಳು' ಅನ್ನಿಸಿಕೊಂಡೇ ಕಟ್ಟಡಗಳ ಸುರಕ್ಷತೆ ನೋಡುವ ಅಧಿಕಾರಿಯಾದೆ. ನಾಲ್ಕು ವರ್ಷದ ಹಿಂದೆ ಹೊಲಿಗೆ ಕಾರ್ಖಾನೆ ಹೊತ್ತಿ ಉರಿದಾಗ ಹೊರಗಿನಿಂದ ಬೀಗ ಹಾಕಿದ್ದ ಬಾಗಿಲನ್ನು ಒಡೆದವಳು ನಾನು. ಒಳಗೆ ಕಂಡದ್ದನ್ನು ನಿನಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಗ್ಯಾಲರಿ ನೋಡಲು ಹೋದೆ. ಗೇಟು ಮೂರು. ಪಾಸಿಲ್ಲದವರು ನುಗ್ಗುತ್ತಾರೆಂದು ಎರಡಕ್ಕೆ ಬೆಸುಗೆ ಹಾಕಿಸಿದ್ದಾರೆ! ಮೆಟ್ಟಿಲ ಕೆಳಗೆ ಹೈಜಂಪಿನ ಹಳೇ ಹಾಸಿಗೆಗಳು, ಬಣ್ಣದ ಡಬ್ಬಗಳು, ಅವುಗಳ ಮೇಲೆಯೇ ಸಿಪ್ಪೆ ಸುಲಿದ ವೈರು. ಮೇಲೆ ಎರಡು ಸಾವಿರ ಜನ ಕೂರಬೇಕು. ಸರಿಪಡಿಸುವವರೆಗೆ ಅನುಮತಿ ಇಲ್ಲ ಅಂತ ಬರೆದುಕೊಟ್ಟೆ.

ಮರುದಿನ ಕೋಚ್ ಸರ್ ಬಂದರು. "ನಿನ್ನನ್ನ ಓಡಿಸಿದ್ದು ನಾನು. ನನಗೇ ಅಡ್ಡ ನಿಲ್ತೀಯಾ?" ಅಂದರು. "ಸರ್, ಆ ಗೇಟು ತೆಗೆಸಿ, ಈಗಲೇ ಸಹಿ ಹಾಕ್ತೀನಿ" ಅಂದೆ. ನನಗೆ ಷೂ ಲೇಸು ಕಟ್ಟಲು ಕಲಿಸಿದ ಮನುಷ್ಯ ನನ್ನ ಮುಖ ನೋಡದೆ ಎದ್ದು ಹೋದರು. ನಮ್ಮ ಸಾಹೇಬರು ಇನ್ನೂ ಜಾಣರು. "ಎರಡು ದಿನ ರಜೆ ಹಾಕಮ್ಮ, ಬೇರೆಯವರು ಸಹಿ ಮಾಡ್ತಾರೆ" ಅಂದರು. ಬೇರೆಯವರು ಸಹಿ ಮಾಡಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆಯೇ ಅಕ್ಕಾ? ರಜೆ ಹಾಕಲಿಲ್ಲ. ಉದ್ಘಾಟನೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ನಾನೇ ಹೋಗಿ ಗ್ಯಾಲರಿಗೆ ಸೀಲು ಹಾಕಿದೆ.

ಮೂರನೇ ತಾರೀಕು, ಭಾನುವಾರ, ಸಮಾರಂಭ ಮೈದಾನದಲ್ಲಿ, ಬಿಸಿಲಿನಲ್ಲಿ, ಬಾಡಿಗೆ ಕುರ್ಚಿಗಳ ಮೇಲೆ ನಡೆಯಿತು. ಪ್ರಿನ್ಸಿಪಾಲರು ಮೈಕು ಹಿಡಿದು ಕೃತಘ್ನತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರಂತೆ. ಮರುದಿನ ಪೇಪರಿನಲ್ಲಿ 'ಅಧಿಕಾರಿಯ ದರ್ಪ'. ಬುಧವಾರ ನನಗೆ ವರ್ಗ. ಈಗ ಸಮವಸ್ತ್ರದ ಗೋದಾಮಿನಲ್ಲಿ ಕೂತು ಬೂಟುಗಳ ಸೈಜು ವಿಂಗಡಿಸುತ್ತಿದ್ದೇನೆ. ತಮಾಷೆ ಕೇಳು: ಶುಕ್ರವಾರ ಅವರೇ ಸದ್ದಿಲ್ಲದೆ ಬೆಸುಗೆ ಕತ್ತರಿಸಿದರು, ಹಾಸಿಗೆ ಸಾಗಿಸಿದರು! ಅಂದರೆ ನಾನು ಹೇಳಿದ್ದು ಸರಿ, ಹೇಳಿದ ನಾನು ಮಾತ್ರ ತಪ್ಪು.

ಮಕ್ಕಳಿಗೆ ಮುತ್ತು, ಭಾವನಿಗೆ ನಮಸ್ಕಾರ. ಬೈದಿದ್ದಕ್ಕೆ ಬೇಜಾರಿಲ್ಲ, ಬೈಯಲು ನನಗಿರುವವಳು ನೀನೊಬ್ಬಳೇ.

ನಿನ್ನ
ಮಿಡತೆ

ಮರೆತೆ: ನನ್ನ ಪರವಾಗಿ ಕ್ಷಮೆ ಕೇಳಿ ನೀನು ಕೋಚ್ ಸರ್‌ಗೆ ಕಾಗದ ಬರೆದಿದ್ದೀಯಂತೆ. ನನ್ನ ಒಳ್ಳೆಯದಕ್ಕೇ ಬರೆದೆ, ಗೊತ್ತು. ಅದನ್ನವರು ಸಾಹೇಬರಿಗೆ ಕೊಟ್ಟಿದ್ದಾರೆ. ಹದಿನೆಂಟಕ್ಕೆ ನನ್ನ ಮೇಲೆ ಇಲಾಖೆಯ ವಿಚಾರಣೆ, ಅಲ್ಲಿ 'ಮನೆಯವರೇ ತಪ್ಪೊಪ್ಪಿಕೊಂಡಿದ್ದಾರೆ' ಅಂತ ಓದುತ್ತಾರೆ. ಕೂಡಲೇ ಎರಡು ಸಾಲು ಬರೆದು ಕಳಿಸು: ಆ ಕ್ಷಮೆ ನಿನ್ನದು, ನನ್ನದಲ್ಲ ಅಂತ. ಬರೆಯಲು ಮನಸ್ಸು ಬಾರದಿದ್ದರೆ ಅದನ್ನಾದರೂ ತಿಳಿಸು. ನಾನಂತೂ ಕ್ಷಮೆ ಕೇಳುವುದಿಲ್ಲ.